ಸ್ವರ ತೆಗಿ

"ಹ್ವಾಯ್! ಕೆಳಗೆ ಭಾರತ ವಾಚನ ಆತಾ ಇತ್ತ್... ಚೂರ್ ನಿಲ್ಸ್ತ್ರಿಯಾ?"

ಬಾಗಿಲು ತಳ್ಳಿ ನಿಂತ ಪ್ರಣೀತಾಳ ಕಣ್ಣು ಕೆಂಡವಾಗಿತ್ತು. ಬ್ರಹ್ಮಾವರದ ಆ ಕಟ್ಟಡದ ಕೆಳಗಿನ ಸಭಾಂಗಣದಲ್ಲಿ ಅವಳ ಕಾವ್ಯವಾಚನ. ಮೇಲಿನ ಪುಟ್ಟ ಸ್ಟುಡಿಯೋದಲ್ಲಿ 'ಕಡಲ್ಕೊರೆತ' ಎಂಬ ಪಂಕ್ ಬ್ಯಾಂಡಿನ ಎರಡನೇ ಆಲ್ಬಮ್ಮಿನ ಗದ್ದಲ!

ಮೈಕ್ ಹಿಡಿದವನು ತಬ್ಬಿಬ್ಬಾದ. ಹರಿದ ಜೀನ್ಸು, ಕೆದರಿದ ಕೂದಲು.

"ತಪ್ಪಾಯ್ತ್ ಮಾರಾಯ್ರೆ. ನಾನ್ ಪ್ರೇಮಾನಂದ, ಮರವಂತೆ."

ಇಷ್ಟು ಕಿರುಚುವವನ ಹೆಸರು ಪ್ರೇಮಾನಂದ! ಸಿಟ್ಟಿನ ನಡುವೆಯೂ ಅವಳಿಗೆ ನಗು ಬಂತು.

"ನೀವ್ ಕೂಗ್ತಿದ್ದ ಸಾಲ್ ಎಂತದ್?"

ಅವನು ಮೆಲ್ಲಗೆ ಹೇಳಿದ. "ಕಡಲು ಮನೆಗಳ ಕೇಳಿ ಬಂದಿತು, ಹಿಡಿಯ ಮಣ್ಣನು ಬಿಡದೆ ನಿಂತೆವು."

ಅವಳು ಬೆರಳಲ್ಲೇ ಮಾತ್ರೆ ಎಣಿಸಿದಳು. ಅಪ್ಪಯ್ಯನ ವಾಚನ ಕೇಳುತ್ತಲೇ ಬೆಳೆದವಳು ಅವಳು. ಇದು ಭಾಮಿನಿ ಷಟ್ಪದಿಯ ನಡೆ... ಇವನಿಗೇ ಗೊತ್ತಿಲ್ಲ!

"ಇದ್ ಮೂರು-ನಾಲ್ಕರ ನಡೆ. ನೀವ್ ಬರೀ ನಾಲ್ಕರಲ್ಲಿ ಬಡೀತ್ರಿ. ಸಾಲ್ ಕುಂಟತ್ತ್!"

ಅವಳು ಕೈತಟ್ಟಿ ತೋರಿಸಿದಳು. ಡ್ರಮ್ಮಿನ ಕಿಟ್ಟ ಹಾಗೇ ಬಾರಿಸಿದ. ಕೋಣೆಯೇ ಎದ್ದು ನಿಂತಂತಾಯಿತು.

"ಈ ಹಾಡ್ ನೀವೇ ಹಾಡ್ಕ್," ಎಂದ ಪ್ರೇಮಾನಂದ. ಅವನ ಕಣ್ಣಲ್ಲಿ ಬೇಡಿಕೆಗಿಂತ ಹೆಚ್ಚಿನದೇನೋ ಇತ್ತು...

ಅವಳು ಒಪ್ಪಿದ ಸುದ್ದಿ ಅವಳ ಊರು ಬಿಜೂರಿಗೆ ಮುಟ್ಟಿತು.

"ಭಾರತ ಓದು ಹೆಣ್ಣ್ ಬೊಬ್ಬೆ ಹಾಡ್ ಹಾಡತ್ತಂಬ್ರು!" ಎಂದು ಪಕ್ಕದ ಮನೆಯ ರತ್ನಕ್ಕ ಚುಚ್ಚಿದಳು.

"ಹೌದ್, ಹಾಡ್ತೆ. ನೀವೂ ಕೇಣಿ!" ಪ್ರಣೀತಾ ತಲೆಯೆತ್ತಿಯೇ ನಡೆದಳು. ಆ ಸ್ವರ ಅಪ್ಪಯ್ಯ ಕೊಟ್ಟದ್ದು. ಅದನ್ನು ಆಲ್ಬಮ್ಮಿನಲ್ಲಿ ಊರಿಡೀ ಕೇಳಬೇಕು, ಅಷ್ಟೇ.

ಅವಳ ಹಾಡು ರೆಕಾರ್ಡ್ ಆಗಿ ವಾರ ಕಳೆದಿತ್ತು. ಸ್ಟುಡಿಯೋದ ಮೆಟ್ಟಿಲು ಹತ್ತುತ್ತಿದ್ದಾಗ ಒಳಗಿಂದ ಪ್ರೇಮಾನಂದನ ಮಾತು ಕೇಳಿಸಿತು.

"ಪ್ರಣೀತನ ಸ್ವರ ತೆಗಿ ಕಿಟ್ಟಾ! ಹೀಂಗೇ ಇದ್ರೆ ಹಾಡೇ ಹಾಳ್!"

ಕಾಲ ಕೆಳಗಿನ ಮೆಟ್ಟಿಲೇ ಜಾರಿದಂತಾಯಿತು. ನನ್ನ ಸ್ವರ... ತೆಗೆಯುವುದಾ? ಹಾಗಾದರೆ ಆ ನೋಟವೆಲ್ಲ ಸುಳ್ಳಾ?

ಅವಳು ತಿರುಗಿ ನಡೆದಳು. ಅವನ ಕರೆಗಳನ್ನು ಎತ್ತಲಿಲ್ಲ.

ಭಾನುವಾರ ಅವನೇ ಮನೆಗೆ ಬಂದ. ಅಪ್ಪಯ್ಯ ಚಂದಯ್ಯನವರು ಜಗಲಿಯಲ್ಲಿ ಕೂರಿಸಿದರು. ಅವನು ಲ್ಯಾಪ್‌ಟಾಪ್ ತೆರೆದು ಹಾಡು ಹಾಕಿದ.

ಗಿಟಾರು ಅಬ್ಬರಿಸಿತು, ಡ್ರಮ್ಮು ಗುಡುಗಿತು. ಥಟ್ಟನೆ ಎಲ್ಲವೂ ನಿಂತು, ಒಂಟಿಯಾಗಿ ಅವಳ ಸ್ವರ ಎದ್ದಿತು!

ಬಾಗಿಲ ಮರೆಯಲ್ಲಿದ್ದ ಪ್ರಣೀತಾ ಹೊರಗೆ ಬಂದಳು.

"ಸ್ವರ ತೆಗಿ ಅಂದದ್ದ್ ನೀವೇ ಅಲ್ದಾ? ನಾನ್ ಕೇಂಡಿದೆ!"

"ಹೌದ್! ನಿಮ್ ಸ್ವರ ಡ್ರಮ್ಮಿನ ಅಡಿಗೆ ಬಿದ್ದಿತ್ತ್. ಮೇಲೆ ತೆಗಿ ಅಂದೆ!"

ಅಪ್ಪಯ್ಯ ಗಹಗಹಿಸಿ ನಕ್ಕರು. "ಅಲ್ಲ ಹೆಣೆ, ಸ್ವರ ತೆಗಿ, ದೊಡ್ಡಕ್ಕೆ ಓದ್ ಅಂದೇ ಅಲ್ದಾ ನಾನ್ ನಿಂಗೆ ಓದುಕೆ ಕಲ್ಸದ್ದ್?" ಆಮೇಲೆ ಬೇಲಿಯತ್ತ ಕೂಗಿದರು. "ರತ್ನಾ, ಬಾ ಇಲ್ಲ್! ನಮ್ ಹೆಣ್ಣಿನ ಸ್ವರ ಕೇಣ್!"

ಅವರ ಕಣ್ಣು ತುಂಬಿತ್ತು. ಪ್ರಣೀತಾಳದ್ದೂ.

ಅಪ್ಪಯ್ಯ ಬೇಲಿಯ ಬಳಿ ಹೋದೊಡನೆ ಪ್ರೇಮಾನಂದ ತಲೆತಗ್ಗಿಸಿದ.

"ಕುಂದಾಪ್ರದಗೆ ಆಲ್ಬಮ್ ಬಿಡುಗಡೆ. ನನ್ ಜೊತಿಗೆ ಬತ್ಯಾ?"

"ಹಾಡುಕೆ ಮಾತ್ರವಾ?"

"ಇಲ್ಲೆ..." ಅವನ ಸ್ವರ ಉಡುಗಿತು. "ಬದ್ಕುಕೂ."

ಅವಳ ಕೆನ್ನೆ ಕೆಂಪೇರಿತು.

"ಹಾಂಗಾರೆ ಅಪ್ಪಯ್ಯನತ್ರ ನೀನೇ ಕೇಣ್... ಕೂಗ್ಬೇಡ ಮಾರಾಯಾ, ಮೆಲ್ಲ ಕೇಣ್!"