ಒಂದು ಗಂಟೆಯ ಗುದ್ದು

ಮಧ್ಯಾಹ್ನ ಒಂದು ಗಂಟೆಗೆ ಗಿರಾಕಿಯ ಕಿವಿಯ ಬುಡದಲ್ಲಿ ರಕ್ತ ಜಿನುಗಿತು.

"ನೀವೇ ಅಲ್ಲಾಡಿದ್ರಿ ಸ್ವಾಮಿ!" ಎಂದು ಕ್ಷೌರಿಕರು ಗದರಿಬಿಟ್ಟರು. ಅಲ್ಲಾಡಿದ್ದು ತಮ್ಮದೇ ಹೊಟ್ಟೆ ಎಂದು ಅವರಿಗೆ ಗೊತ್ತಿತ್ತು. ಪಕ್ಕೆಲುಬಿನ ಕೆಳಗೆ ಒಳಗಿನಿಂದಲೇ ಯಾರೋ ಗುದ್ದಿದ್ದರು.

ಮರುದಿನ ಬೆಳಿಗ್ಗೆ ಅವರು ಹೆಂಡತಿಯೊಡನೆ ವೈರ್ ಮೇಡಂ ಎದುರು ಕೂತಿದ್ದರು. ಹೃದಯದ ಯಂತ್ರಗಳನ್ನು ತಪಾಸಣೆ ಮಾಡುವ ತಂತ್ರಜ್ಞೆಗೆ ರೋಗಿಗಳು ಇಟ್ಟ ಹೆಸರು ಅದು. ಕ್ಷೌರಿಕರ ಎದೆಯ ಚರ್ಮದಡಿ ಅಂಥದೊಂದು ಯಂತ್ರವಿತ್ತು. ಅದರ ತಂತಿಗಳು ಹೃದಯದ ಎಡ-ಬಲಗಳನ್ನು ಜೊತೆಜೊತೆಗೆ ಮಿಡಿಸುತ್ತಿದ್ದವು.

"ಗುದ್ದೋದು ಎಡಗಡೆ ತಂತಿ ಇರ್ಬೇಕು, ನಿಲ್ಸಿಬಿಡಿ ಮೇಡಂ," ಎಂದರು ಕ್ಷೌರಿಕರು.

"ನಿಲ್ಸಿದ್ರೆ ಮೆಟ್ಟಿಲು ಹತ್ತೋಕೂ ಉಸಿರು ಸಾಲಲ್ಲ. ಹಿಂದಿನ ವರ್ಷ ಯಂತ್ರ ಹಾಕೋ ಮುಂಚೆ ಹೇಗಿದ್ರಿ, ಮರೆತುಹೋಯ್ತಾ?"

"ನಿನ್ನೆ ಗಿರಾಕಿ ಕಿವಿ. ನಾಳೆ ಕುತ್ತಿಗೆ ಆದ್ರೆ?"

ಮೇಡಂ ಹೃದಯದ ಡಾಕ್ಟರನ್ನು ಕರೆದಳು. ಡಾಕ್ಟರು ಗಡುವು ಕೊಟ್ಟರು — ಹನ್ನೆರಡೂವರೆಯೊಳಗೆ ಕಾರಣ ಸಿಗದಿದ್ದರೆ ತಂತಿ ಬಂದ್.

ಮೇಡಂ ಕ್ಷೌರಿಕರನ್ನು ಎಡಕ್ಕೆ ಮಲಗಿಸಿದಳು, ಬಲಕ್ಕೆ ಮಲಗಿಸಿದಳು, ಕೆಮ್ಮಿಸಿದಳು. ಕೈಗೆ ಬಾಚಣಿಗೆ ಕೊಟ್ಟು ಕ್ಷೌರ ಮಾಡುವಂತೆ ಬಗ್ಗಿಸಿದಳು. ಹೊಟ್ಟೆ ಮಿಸುಕಲಿಲ್ಲ. ವರದಿಯ ಕಾಗದವೂ ಎಲ್ಲ ಸರಿ ಎಂದಿತು.

ಡಾಕ್ಟರು ಇಣುಕಿದರು. "ಭ್ರಮೆ ಇರಬೇಕು ಕಣ್ರೀ."

"ಭ್ರಮೆಗೆ ರಕ್ತ ಬರುತ್ತಾ ಸಾರ್?" ಎಂದಳು ಮೇಡಂ.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಗಡಿಯಾರ ಹನ್ನೊಂದೂಮುಕ್ಕಾಲು.

"ಪಕ್ಕದಂಗಡಿ ವೆಲ್ಡಿಂಗೇ ಯಂತ್ರ ಕೆಡಿಸೋ ಕಳ್ಳ," ಎಂದರು ಹೆಂಡತಿ.

"ವೆಲ್ಡರ್ ಒಂದು ಗಂಟೆಗೆ ಏನ್ಮಾಡ್ತಾನೆ?"

"ಊಟಕ್ಕೆ ಹೋಗಿರ್ತಾನೆ," ಎಂದರು ಕ್ಷೌರಿಕರು.

"ಅಂಗಡಿ ರಜಾ ಇದ್ದಾಗ?"

"ಮನೇಲೂ ಬಿಡಲ್ಲ." ಹೆಂಡತಿ ನಕ್ಕರು. "ನಾನಂತೂ ಗಡಿಯಾರ ನೋಡೋದೇ ಬಿಟ್ಟೆ. ಇವರ ಹೊಟ್ಟೆ ಕುಣಿದ್ರೆ ಒಂದು ಗಂಟೆ, ತಟ್ಟೆ ಹಾಕ್ತೀನಿ."

"ಒಂದು ದಿನವೂ ಹಿಂದೆ ಮುಂದೆ ಇಲ್ವಾ?"

"ಉಹೂಂ."

"ಎಷ್ಟು ದಿನದಿಂದ?"

"ಮೂರು ವಾರ. ಹೋದ ಸಲ ಇಲ್ಲಿಗೆ ಬಂದು ಹೋದ್ಮೇಲೆ."

ಮೇಡಂ ಲೆಕ್ಕ ಹಾಕಿದಳು. ರೋಗ ಗಡಿಯಾರ ನೋಡಿ ಬರುವುದಿಲ್ಲ, ಗಡಿಯಾರ ನೋಡಿ ಕೆಲಸ ಮಾಡುವುದು ಯಂತ್ರ. ಆಗಷ್ಟೇ ಬಂದ ವರದಿಯನ್ನು ಮತ್ತೆ ಎಳೆದುಕೊಂಡಳು. ದಿನಕ್ಕೆ ಇಪ್ಪತ್ತು ಸಲ ನೋಡುವ ಕಾಗದ. ಅದರ ಮೂಲೆಯನ್ನು ಮಾತ್ರ ಎಂದೂ ನೋಡಿರಲಿಲ್ಲ.

ರಾತ್ರಿ ಹನ್ನೊಂದೂವರೆ ಎಂದಿತ್ತು ಅಲ್ಲಿ. ಕಿಟಕಿಯ ಹೊರಗೆ ಸುಡುಬಿಸಿಲು.

"ಡಾಕ್ಟರೇ, ಬನ್ನಿ!"

ಡಾಕ್ಟರು ಬಂದರು. "ಸಿಕ್ಕಿತಾ?"

"ಎಡ ತಂತಿಗೆ ಎಷ್ಟು ವಿದ್ಯುತ್ ಬೇಕು ಅಂತ ಯಂತ್ರ ದಿನಕ್ಕೊಂದು ಸಲ ತಾನೇ ಪರೀಕ್ಷೆ ಮಾಡ್ಕೊಳ್ಳುತ್ತೆ. ಆಗ ವಿದ್ಯುತ್ ಏರಿಸುತ್ತೆ. ತಂತಿ ಪಕ್ಕದಲ್ಲೇ ಉಸಿರಾಟದ ಸ್ನಾಯುವಿನ ನರ ಇದೆ, ಅದಕ್ಕೂ ತಾಗುತ್ತೆ — ಹೊಟ್ಟೆ ಹಾರುತ್ತೆ. ನಾವು ಬೆಳಿಗ್ಗೆ ನೋಡಿದ್ರೆ ಏನೂ ಕಾಣಲ್ಲ."

"ಆ ಪರೀಕ್ಷೆ ರಾತ್ರಿ ಒಂದಕ್ಕಲ್ವಾ? ರೋಗಿ ಮಲಗಿರುವಾಗ?"

"ಇವರ ಯಂತ್ರಕ್ಕೆ ಈಗ ರಾತ್ರಿ. ನಮ್ಮ ಮಧ್ಯಾಹ್ನ ಒಂದೇ ಅದಕ್ಕೆ ರಾತ್ರಿ ಒಂದು."

"ಅದಕ್ಕೆ ಸುಳ್ಳು ಹೊತ್ತು ಹೇಳಿದವರು ಯಾರು?"

ಮೇಡಂಗೆ ನೆನಪಾಯಿತು. ತಿಂಗಳ ಹಿಂದೆ ತಪಾಸಣೆಯ ಕಂಪ್ಯೂಟರ್ ರಿಪೇರಿಗೆ ಹೋಗಿತ್ತು. ರಿಪೇರಿಯವನ ತಲೆ ಮೇಲೆ ಗೂಬೆ ಕೂರಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ.

"ನಾನು," ಎಂದಳು. "ರಿಪೇರಿಯಿಂದ ಬಂದಾಗ ಕಂಪ್ಯೂಟರಿನ ಗಡಿಯಾರ ಅಳಿಸಿಹೋಗಿತ್ತು. ಹೊರಗೆ ಸಾಲು ನಿಂತಿತ್ತು, ಗಡಿಬಿಡಿಯಲ್ಲಿ ಹಗಲಿನ ಜಾಗದಲ್ಲಿ ರಾತ್ರಿ ಒತ್ತಿದೆ. ಅದು ಮುಟ್ಟಿದ ಯಂತ್ರಕ್ಕೆಲ್ಲ ಅದೇ ಹೊತ್ತು ಹೋಗಿದೆ. ಇವರಲ್ಲದೆ ಇನ್ನೂ ಏಳು ಜನ."

ಡಾಕ್ಟರು ತಂತಿ ಬಂದ್ ಮಾಡುವ ಮಾತು ಬಿಟ್ಟರು. ಅವಳು ಹೊತ್ತು ಸರಿಪಡಿಸಿದಳು, ಆ ಪರೀಕ್ಷೆಯನ್ನೇ ನಿಲ್ಲಿಸಿದಳು. ಎಡ ತಂತಿ ಮಿಡಿಯುತ್ತಲೇ ಇತ್ತು.

ಒಂದು ಗಂಟೆಯವರೆಗೆ ಎಲ್ಲರೂ ಕಾದರು. ಕ್ಷೌರಿಕರು ಬಾಚಣಿಗೆಯನ್ನು ಕತ್ತಿಯಂತೆ ಹಿಡಿದು ನಿಂತರು. ಒಂದಾಯಿತು. ಒಂದೂ ಐದಾಯಿತು. ಹೊಟ್ಟೆ ಕುಣಿಯಲಿಲ್ಲ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕ್ಷಮಿಸಿ ಯಜಮಾನ್ರೇ," ಎಂದಳು ಮೇಡಂ.

"ನಲವತ್ತು ವರ್ಷದಲ್ಲಿ ಎಷ್ಟು ಕಿವಿ ಕೊಯ್ದಿದ್ದೀನೋ, ಲೆಕ್ಕ ಇಲ್ಲ," ಎಂದರು ಅವರು. "ಒಂದು ಸಲಾನೂ 'ನಾನು' ಅಂದಿಲ್ಲ. ಗಿರಾಕಿ ಅಲ್ಲಾಡಿದ ಅಂತಲೇ ಅಂದಿದ್ದು." ಬಾಚಣಿಗೆಯನ್ನು ಮೇಜಿನ ಮೇಲಿಟ್ಟರು. "ನಿನ್ನೆಯ ಗಿರಾಕಿ ಮನೆ ಇಲ್ಲೇ ಹತ್ರ. ಹೋಗಿ ಹೇಳಿ ಬರ್ತೀನಿ."

ಅವರು ಮೆಟ್ಟಿಲಿಳಿಯುವ ಸದ್ದು ಕೇಳುತ್ತಿರುವಾಗಲೇ ಮೇಡಂ ಏಳು ಜನರ ಪಟ್ಟಿ ತೆಗೆದು, ಮೊದಲನೆಯವರಿಗೆ ಫೋನ್ ಮಾಡಿದಳು.