ದೇಮವ್ವ ಬರೆದ ಅರೆಬರೆ ಊರು

ಬಹಳ ಬಹಳ ಹಿಂದೆ, ಈಗ ಹುಡುಕಿಕೊಂಡು ಹೋದರೂ ಸಿಗದ ಕಡೆ ಕೆಂಡಾಪುರವೆಂಬ ರಾಜ್ಯವಿತ್ತು. ಅಲ್ಲಿ ಮಸಿಗಣ್ಣನೆಂಬ ಮಾಂತ್ರಿಕ ಒಂದು ಹೊಗೆಮೃಗವನ್ನು ಸಾಕಿದ್ದ. ಅದು ಕೋಟೆಯ ಬಯಲಲ್ಲಿ ಮಲಗಿ ಮರ ತಿನ್ನುತ್ತಿತ್ತು, ಬೆಂಕಿ ಉಗುಳುತ್ತಿತ್ತು. ಆ ಬೆಂಕಿಯಲ್ಲೇ ಊರಿನ ಒಲೆ ಉರಿಯಬೇಕು, ದೀಪ ಬೆಳಗಬೇಕು. ಹೊಗೆಗೆ ಸೂರ್ಯನ ಮುಖ ಕಾಣದೆ ಎಷ್ಟೋ ಕಾಲವಾಗಿತ್ತು. ಆದರೂ ರಾಜನಿಂದ ಹಿಡಿದು ಆಳಿನವರೆಗೆ ಎಲ್ಲರದೂ ಒಂದೇ ಮಾತು: “ಬ್ಯಾರೆ ದಾರಿ ಎಲ್ಲೈತಿ?”

ಕಾಡೆಲ್ಲ ಮುಗಿದು ಒಂದು ಹೊಂಗೆ ತೋಪು ಉಳಿಯಿತು. ಗೋಡೆಗೆ ಚಿತ್ರ ಬರೆಯುವ ದೇಮವ್ವನ ತಾಯಿ ಸಂಕವ್ವನಿಗೆ ಉಬ್ಬಸ. ಆ ತೋಪಿನ ನೆರಳಲ್ಲಿ ಕೂತರೆ ಮಾತ್ರ ಅವಳಿಗೆ ಉಸಿರು ಸಲೀಸು. ಯುಗಾದಿಗೆ ತೋಪನ್ನೂ ಮೃಗಕ್ಕೆ ಉಣಿಸುವುದೆಂದು ರಾಜ ಡಂಗುರ ಹೊಡೆಸಿದ. ತೋಪು ಹೋದರೆ ತಾಯಿಯೂ ಹೋದಂತೆ. ದೇಮವ್ವ ಅತ್ತು ಕೂರುವ ಹೆಣ್ಣಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ಬಣ್ಣದ ಕುಡಿಕೆ ಎತ್ತಿಕೊಂಡಳು.

ತೋಪಿನ ಬಾವಿಯಲ್ಲಿ ಮಾತಾಡುವ ಆಮೆಯೊಂದಿತ್ತು. ಅದು ಹೇಳಿತು: “ಮಗಳ, ಆ ಮೃಗದ ಹೊಟ್ಟಿ ತುಂಬೂದು ಮರದಿಂದ. ಜೀವ ಇರೂದು ಮಾತ್ರ ‘ಬ್ಯಾರೆ ದಾರಿ ಇಲ್ಲ’ ಅನ್ನೂ ಮಾತಿನಾಗ. ಮಂದಿಗೆ ಬ್ಯಾರೆ ದಾರಿ ಕಂಡ್ರ ಅದು ಸಾಯತೈತಿ.”

“ಕಾಣಸೂದು ನನ್ನ ಕಸಬು,” ಎಂದಳು ದೇಮವ್ವ.

ಮೊದಲ ಸಲ ಅವಳು ಕೋಟೆಗೋಡೆಯ ಮೇಲೆ ಹಿಂದಿನ ಕಾಡನ್ನು ಬರೆದಳು. ಜನ ಬಂದರು, ಅಜ್ಜಿಯರನ್ನು ನೆನೆದು ಅತ್ತರು, “ಆ ಕಾಲ ಹೋತು” ಎಂದು ನಿಟ್ಟುಸಿರು ಬಿಟ್ಟು ಮನೆಗೆ ಹೋದರು. ಮೃಗ ಒಂದು ಮೊಳ ಬೆಳೆಯಿತು.

ಎರಡನೆಯ ಸಲ ಮುಂದಿನ ಊರನ್ನು ಬರೆದಳು. ಮಾಳಿಗೆಯ ಮೇಲೆ ಬಿಸಿಲು ಹಿಡಿಯುವ ಕನ್ನಡಿಗಳು, ಗಾಳಿಗೆ ತಿರುಗುವ ಚಕ್ರಗಳು, ಗೋಡೆ ಗೋಡೆಗೂ ಹೀರೆಬಳ್ಳಿ, ಓಣಿಯಲ್ಲಿ ತಿಳಿನೀರ ಕಾಲುವೆ. ಒಂದು ಗೆರೆಯೂ ತಪ್ಪಿರಲಿಲ್ಲ. ಬೆಳಗಾಗುವುದರೊಳಗೆ ಜನ ಆ ಚಿತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕರ್ಪೂರ ಬೆಳಗಿದ್ದರು. “ತಾಯಿ, ನೀನಽ ಇಂಥಾ ಊರು ಮಾಡಿಕೊಡು,” ಎಂದು ಅಡ್ಡಬಿದ್ದು ಮನೆಗೆ ಹೋದರು. ಮೃಗ ಎರಡು ಮೊಳ ಬೆಳೆಯಿತು.

“ಬರಿ, ಇನ್ನೂ ಚೆಂದ ಬರಿ,” ಎಂದು ಮಸಿಗಣ್ಣ ನಕ್ಕ.

ದೇಮವ್ವನಿಗೆ ಜನರ ಮೇಲೂ ಸಿಟ್ಟು, ತನ್ನ ಮೇಲೂ ಸಿಟ್ಟು. ಆದರೆ ಕುಂಚ ಕೆಳಗಿಡಲಿಲ್ಲ.

ಮೂರನೆಯ ಸಲ ಮುಂದಿನ ಊರನ್ನೇ ಮತ್ತೆ ಶುರುಮಾಡಿದಾಗ ಯುಗಾದಿ ನಾಳೆಯೇ ಇತ್ತು. ಅವಸರದಲ್ಲಿ ಗೆರೆ ತಪ್ಪಿತು. ಅರ್ಧ ಗೋಡೆ ಖಾಲಿ ಉಳಿಯಿತು, ಗಾಳಿಚಕ್ರ ಹೋಗಿ ಚಿತ್ರದ ಗುಡ್ಡದ ಬುಡದಲ್ಲಿ ಕೂತಿತು. ದಾರಿಯಲ್ಲಿ ಹೋಗುತ್ತಿದ್ದ ಕುಂಬಾರ ಈರಪ್ಪ ಗಕ್ಕನೆ ನಿಂತ.

“ತಂಗಿ, ಗಾಳಿ ಬರೂದು ಗುಡ್ಡದ ಆಚಿಂದ. ಚಕ್ರ ಇಲ್ಲಿಟ್ರ ಹೆಂಗ ತಿರಗಬೇಕದು?”

ದೇಮವ್ವ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಅವನ ಮುಖ ಕಂಡಿತು. ಅವನ ಕಣ್ಣು ನಿಜವಾದ ಗುಡ್ಡದ ನೆತ್ತಿಯ ಮೇಲಿತ್ತು, ಅಲ್ಲಿ ಚಕ್ರ ಆಗಲೇ ತಿರುಗುತ್ತಿದ್ದಂತೆ. ಅವಳು ಕುಂಚವನ್ನು ಅವನ ಕೈಗೆ ಕೊಟ್ಟಳು.

“ಹಂಗಾರ ನೀನಽ ಬರಿ, ಅಣ್ಣಾ.”

ಈರಪ್ಪ ಗುಡ್ಡದ ನೆತ್ತಿಗೆ ಸೊಟ್ಟ ಚಕ್ರವೊಂದನ್ನು ಬರೆದ. ನೇಕಾರರು ಬಂದು “ಕಾಲುವಿ ನಮ್ಮ ಓಣಿ ಬಿಟ್ಟು ಹೋಗೈತೇನು?” ಎಂದು ಜಗಳ ತೆಗೆದರು. ಅವರಿಗೂ ಕುಂಚ ಸಿಕ್ಕಿತು. ಕೆಂಡಾಪುರದವರಿಗೆ ಪೂಜೆ ಮಾಡಲು ಬರುತ್ತಿತ್ತು. ತಪ್ಪು ಹುಡುಕಲು ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಬೇರೆ ದಾರಿ ಇಲ್ಲವೆಂದು ಆ ದಿನ ಒಬ್ಬರೂ ಅನ್ನಲಿಲ್ಲ, ತನ್ನ ದಾರಿಯೇ ಸರಿಯೆಂದು ಎಲ್ಲರೂ ಅಂದರು. ಬೆಟ್ಟದಂಥ ಮೃಗ ಎಮ್ಮೆಯಷ್ಟಾಯಿತು.

ತನ್ನ ಮಾತು ಗೆಲ್ಲಿಸಲು ಈರಪ್ಪ ಬಿದಿರು, ಬಟ್ಟೆ ಹೊತ್ತು ಗುಡ್ಡ ಹತ್ತಿದ. ಊರೇ ಹಿಂದೆ ಹತ್ತಿತು. ಚಕ್ರ ಎದ್ದು ನಿಂತು ಗರಗರ ತಿರುಗಿತು, ಹೊಗೆ ಹರಿದು ಒಂದು ಪಟ್ಟಿ ಬಿಸಿಲು ಕೆಳಗೆ ಬಿತ್ತು. ಮೃಗ ಬೆಕ್ಕಿನಷ್ಟಾಯಿತು.

ಮಸಿಗಣ್ಣ ಓಡಿಬಂದು ಗೋಡೆಗೆ ಮಸಿ ಸುರಿದ. “ನೋಡ್ರಿ, ನಿಮ್ಮ ಊರು ಅಳಿಸಿಹೋತು!”

“ಹೋಗ್ಲಿ ಬಿಡು,” ಎಂದ ಈರಪ್ಪ. “ಎಲ್ಲಿ ಏನ ಇಡಬೇಕಂತ ನಮಗ ಗೊತ್ತೈತಿ.”

ಆ ಮಾತಿಗೆ ಮೃಗ ಹಿಡಿ ಬೂದಿಯಾಯಿತು. ಮಸಿಗಣ್ಣನ ಮಂತ್ರವೂ ಅದರ ಜೊತೆಗೇ ಹೋಯಿತು. ರಾಜ ನಾಚಿಕೊಂಡು ಡಂಗುರ ಹಿಂದೆ ತೆಗೆದುಕೊಂಡ, ತೋಪು ಉಳಿಯಿತು. ಕೆಂಡಾಪುರದವರು ಕಟ್ಟುತ್ತ, ಜಗಳಾಡುತ್ತ, ಮತ್ತೆ ಕಟ್ಟುತ್ತ ಸುಖವಾಗಿ ಬಾಳಿದರು.

ಊರು ಒಂದು ಹದಕ್ಕೆ ಬಂದಮೇಲೆ ಸಂಕವ್ವ ತೋಪಿನಿಂದ ಎದ್ದು ಓಣಿಗೆ ಬಂದು ಸುತ್ತ ನೋಡಿದಳು.

“ಅಲ್ಲ ದೇಮೀ, ಕಾಲುವಿ ಇಷ್ಟು ದೂರ ಮಾಡೀರಿ, ಕನ್ನಡಿ ಬೆಳಕು ನೆಟ್ಟಗ ನನ್ನ ಕಣ್ಣಿಗೇ ಹೊಡಿತೈತಿ, ಹೀರಿಬಳ್ಳಿಗೆ ಚಪ್ಪರ ಯಾರು ಹಾಕಬೇಕು, ನಿಮ್ಮಪ್ಪ ಇದ್ದಿದ್ರ ಹಿಂಗ ಬಿಡತಿದ್ನೇನು?”

ಒಂದೇ ಉಸಿರಿಗೆ ಬೈದಳು. ನಡುವೆ ಒಮ್ಮೆಯೂ ಕೆಮ್ಮು ಬರಲಿಲ್ಲ.

ದೇಮವ್ವ ಕಣ್ಣೊರೆಸಿಕೊಂಡು, “ಇನ್ನೊಮ್ಮಿ ಬೈ, ಯವ್ವಾ,” ಎಂದಳು.