ಏಳನೇ ಕ್ಲಾಸಿನ ಬೀರು

ಸೋಮವಾರ ಬೆಳಿಗ್ಗೆ ಏಳನೇ ಕ್ಲಾಸಿನ ಬೀರು ತೆರೆದರೆ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಕವರ್ ಇರಲಿಲ್ಲ. ಬೀಗ ಒಡೆದಿರಲಿಲ್ಲ. ಭಾನುವಾರವೇ ಪತ್ರಿಕೆಯ ಫೋಟೋ ಪೋಷಕರ ವಾಟ್ಸಾಪ್ ಗ್ರೂಪಿಗೆ ಬಂದಿತ್ತು.

ಸುಂಕದಕಟ್ಟೆಯ ಆ ಸಣ್ಣ ಶಾಲೆಗೆ ಸಬ್ ಇನ್‌ಸ್ಪೆಕ್ಟರ್ ಜ್ಯೋತಿಲಕ್ಷ್ಮಿ ಬರುವಷ್ಟರಲ್ಲಿ ಕಳ್ಳಿ ಯಾರೆಂದು ತೀರ್ಮಾನವೇ ಆಗಿಹೋಗಿತ್ತು. ಕವರ್ ಇಟ್ಟವಳು ಇಂಗ್ಲಿಷ್ ಟೀಚರ್ ಪ್ರಭಾ. ಬೀರುವಿನ ಒಂದು ಕೀ ಅವಳ ಬಳಿ, ಇನ್ನೊಂದು ಆಫೀಸಿನ ಡ್ರಾಯರಿನಲ್ಲಿ.

“ಬೇಲಿನೇ ಎದ್ದು ಹೊಲ ಮೇಯ್ದ್ರೆ ಏನ್ಮಾಡೋದು ಮೇಡಂ?” ಎಂದ ಶಾಲೆಯ ಮಾಲೀಕ ಕಾಂತರಾಜು. “ಮುಂದಿನ ವರ್ಷ ಇವ್ರನ್ನೇ ಹೆಡ್‌ಮಿಸ್ ಮಾಡೋಣ ಅಂತಿದ್ದೆ.”

ಸಾಕ್ಷಿಯೂ ಸಿದ್ಧವಿತ್ತು. ಪಕ್ಕದ ಕ್ಲಾಸಿನ ಶಶಿಕಲಾ. ಮಾಲೀಕ ಒಲ್ಲೆನೆಂದರೂ ಪಟ್ಟು ಹಿಡಿದು ಅವಳಿಗೆ ಈ ಕೆಲಸ ಕೊಡಿಸಿದವಳೇ ಪ್ರಭಾ.

“ಶುಕ್ರವಾರ ಕೊನೇ ಪೀರಿಯಡ್ಡು. ಕಿಟಕೀಲಿ ನೋಡ್ದೆ. ಮಕ್ಕಳೆಲ್ಲ ಬೆಂಚಲ್ಲಿ ಕೂತು ಬೋರ್ಡ್ ನೋಡ್ಕೊಂಡು ಸಬ್ಜೆಕ್ಟು, ಪ್ರೆಡಿಕೇಟು ಬರೀತಿದ್ರು. ಪ್ರಭಾ ಮಿಸ್ ಬೀರು ತೆಗೆದು ಕವರ್ ಬ್ಯಾಗಿಗೆ ಹಾಕ್ಕೊಂಡ್ರು. ಹೇಳೋಕೆ ನಂಗೂ ಸಂಕಟ.”

ಸಾಕ್ಷಿ ಏನು ಹೇಳಿದಳೆಂದು ಪ್ರಭಾಳಿಗೆ ಯಾರೂ ತಿಳಿಸಲಿಲ್ಲ. “ನಾನು ತೆಗ್ದಿಲ್ಲ ಮೇಡಂ. ಇಪ್ಪತ್ತು ವರ್ಷದ ಹೆಸರು ಇದು,” ಎಂದಷ್ಟೇ ಹೇಳಿ ಕೂತಿದ್ದಳು.

*

ಮಾಗಡಿ ರಸ್ತೆಯ ಜೆರಾಕ್ಸ್ ಅಂಗಡಿಯ ಕಲ್ಮೇಶ್ ಪತ್ರಿಕೆ ಮಾರಿದನೆಂಬ ಗುಮಾನಿಯಿತ್ತು.

“ಫೋನಲ್ಲಿ ತಂದೋರು ಪೋಷಕರೇ ಮೇಡಂ. ನಾನು ಪ್ರಿಂಟ್ ಹಾಕ್ದೆ, ಅಷ್ಟೇ.”

ಅವನ ಹತ್ತಿರ ಇದ್ದದ್ದೆಲ್ಲ ಗ್ರೂಪಿನ ಫೋಟೋ. ಅಲ್ಲಿಗೆ ಆ ದಾರಿ ಮುಚ್ಚಿತು.

*

ಏಳನೇ ಕ್ಲಾಸಿನ ಚೈತ್ರಳನ್ನು ಜ್ಯೋತಿಲಕ್ಷ್ಮಿ ಕರೆದಳು.

“ಶುಕ್ರವಾರ ಇಂಗ್ಲಿಷಲ್ಲಿ ಏನ್ ಬರೆದ್ರಿ ಪುಟ್ಟಿ?”

“ಬರೀಲಿಲ್ಲ ಆಂಟಿ, ಆಟ ಆಡಿದ್ವಿ. ಎಲ್ಲರಿಗೂ ಅರ್ಧ ವಾಕ್ಯದ ಚೀಟಿ. ನಂದು ‘ದ ಬ್ಲ್ಯಾಕ್ ಡಾಗ್’, ಸಬ್ಜೆಕ್ಟು. ಮಹೇಶಂದು ‘ಈಸ್ ಸ್ಲೀಪಿಂಗ್’, ಪ್ರೆಡಿಕೇಟು. ಓಡಿ ಜೋಡಿ ಹುಡುಕ್ಬೇಕು.”

“ಓಡೋಕೆ ಜಾಗ ಎಲ್ಲಿತ್ತು?”

“ಬೆಂಚೆಲ್ಲ ಹಿಂದೆ ತಳ್ಳಿದ್ವಲ್ಲ, ಬೀರುಗೆ ಒತ್ತಿ.”

ಶಾಲೆಯ ಹಿಂದಿನ ಕೋಣೆಯಲ್ಲೇ ವಾಸವಿದ್ದ ಆಯಾ ಪಟಾಲಮ್ಮ ಗೊಣಗಿದಳು. “ಬೆಲ್ ಹೊಡೆದದ್ದೇ ಹಂಗೇ ಬಿಟ್ಟು ಓಡಿದ್ವು. ಶನಿವಾರ ರಜ, ನಾನೊಬ್ಳೇ ಎಳೆದೂ ಎಳೆದೂ ಸೊಂಟ ಬಿದ್ದೋಯ್ತು.”

“ಆಮೇಲೆ ಯಾರಾದ್ರೂ ಬಂದಿದ್ರಾ?”

“ಶಶಿ ಮಿಸ್ಸು. ಛತ್ರಿ ಮರ್ತಿದ್ದೀನಿ ಅಂತ ಆಫೀಸ್ ತೆಗೆಸಿದ್ರು. ಪ್ರಭಾ ಮಿಸ್ಸು ಇವತ್ತೇ ಬಂದಿದ್ದು.”

*

“ಶುಕ್ರವಾರ ಆ ಬೀರು ಬಾಗಿಲು ತೆಗೆಯೋಕೇ ಆಗ್ತಿರ್ಲಿಲ್ಲ,” ಎಂದಳು ಜ್ಯೋತಿಲಕ್ಷ್ಮಿ. “ನೀವು ಕಿಟಕಿ ಹತ್ರ ಹೋಗೇ ಇಲ್ಲ ಶಶಿಕಲಾ. ಗ್ರಾಮರ್ ಅಂದ್ರೆ ಬೋರ್ಡ್ ನೋಡಿ ಬರೆಸೋದು, ನೀವು ಹಾಗೇ ಮಾಡ್ತೀರಿ, ಅವ್ರೂ ಹಾಗೇ ಅಂದ್ಕೊಂಡ್ರಿ. ಶನಿವಾರ ಡ್ರಾಯರಿಂದ ಕೀ ತಗೊಂಡ್ರಿ.”

ಶಶಿಕಲಾ ಒಪ್ಪಿಕೊಂಡಳು. “ಅವ್ರು ಹೆಡ್‌ಮಿಸ್ ಆದ್ರೆ ಜೀವನಪೂರ್ತಿ ಅವ್ರ ಕೈಕೆಳಗೇ ಇರ್ಬೇಕಿತ್ತು. ಕೆಲ್ಸ ಕೊಡಿಸ್ದೋರು ಅನ್ನೋ ಋಣ ಬೇರೆ.”

ಉಂಡ ಮನೆಯ ಗಳ ಎಣಿಸುವುದು ಅಂದರೆ ಇದೇ. ಕಾಂತರಾಜುವಿಗೆ ಮಾತ್ರ ಈಗ ಯಾವ ಗಾದೆಯೂ ನೆನಪಾಗಲಿಲ್ಲ. ಶಶಿಕಲಾ ಅವನ ಅಕ್ಕನ ಮಗಳು.

“ದೂರು ವಾಪಸ್ ತಗೋತೀನಿ ಮೇಡಂ. ಗ್ರೂಪಲ್ಲಿ ಏನೂ ಹಾಕೋದ್ ಬೇಡ, ಸ್ಕೂಲ್ ಮರ್ಯಾದೆ. ಪ್ರಭಾ ಮಿಸ್ ಪಾಠ ಮಾಡ್ಕೊಂಡಿರ್ಲಿ.”

ಜ್ಯೋತಿಲಕ್ಷ್ಮಿಗೆ ಮೈಯೆಲ್ಲ ಉರಿಯಿತು.

*

ಮರುದಿನ ದೂರು ವಾಪಸ್ ಪಡೆಯುವ ಹೇಳಿಕೆಗೆ ಕಾಂತರಾಜುವಿನ ಸಹಿ ಹಾಕಿಸಲು ಬಂದವಳು ಏಳನೇ ಕ್ಲಾಸಿನ ಬಾಗಿಲಲ್ಲಿ ನಿಂತಳು. ಒಳಗೆ ಪ್ರಭಾ, “ಯಾರಾದ್ರೂ ಒಂದು ವಾಕ್ಯ ಹೇಳಿ,” ಎಂದಳು.

ಮಹೇಶ ಎದ್ದ. ತುಂಟತನವೇನಿಲ್ಲ, ಮನೆಯಲ್ಲಿ ಕೇಳಿದ್ದನ್ನು ಹೇಳಿದ. “ಪ್ರಭಾ ಮಿಸ್ ಸ್ಟೋಲ್ ದ ಪೇಪರ್.”

ಪ್ರಭಾ ಅದನ್ನು ಬೋರ್ಡಿನ ಮೇಲೆ ಬರೆದಳು.

“ಸಬ್ಜೆಕ್ಟ್ ಯಾವ್ದು?”

“ಪ್ರಭಾ ಮಿಸ್.”

“ಪ್ರೆಡಿಕೇಟ್?”

“ಸ್ಟೋಲ್ ದ ಪೇಪರ್.”

“ಸರಿಯಾಗಿದೆ. ಕೂತ್ಕೋ,” ಎಂದಳು ಪ್ರಭಾ.